ನೀನು ತುಂಬಿಸಿಟ್ಟ ಗಾಳಿ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಯಜಮಾನಿಗೆ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಬಣ್ಣ ಹೊಡೆಯುವಾಗ ಮಾಸ್ಕ್ ಹಾಕಿಕೊಳ್ಳುತ್ತೀಯೋ ಇಲ್ಲವೋ? ಆ ಕಾರ್ಖಾನೆಯಲ್ಲಿ ನಿನ್ನ ಬೆನ್ನು ಹತ್ತಿ ಹೇಳಲು ನಾನಿಲ್ಲ. ಇಲ್ಲಿ ಹೊಲಿಗೆ ಕೆಲಸ ಕೈತುಂಬ ಇದೆ. ಒಬ್ಬನಿಗೆ ಎಷ್ಟು ಅನ್ನ ಮಾಡಬೇಕೆಂಬ ಅಳತೆ ಮಾತ್ರ ಇನ್ನೂ ಸಿಕ್ಕಿಲ್ಲ. ದರ್ಜಿಗೆ ಇದಕ್ಕಿಂತ ಅವಮಾನ ಬೇಕೆ?

"ಇಲ್ಲೇ ಬಣ್ಣದ ಕೆಲಸಕ್ಕೆ ಬಾಡಿಗೆಗೆ ಶೆಡ್ ಹಿಡಿದಿದ್ದೇನೆ, ಬಣ್ಣ ಹೊಡೆಯೋ ಗಾಳಿಯ ಕಂಪ್ರೆಸರನ್ನು ಲಾರಿಯವನ ಕೈಲಿ ಕಳಿಸಿ" ಎಂದು ಬರೆದಿದ್ದೀಯ. ಅಂದರೆ ಸದ್ಯಕ್ಕೆ ನೀನು ವಾಪಸ್ ಬರುವುದಿಲ್ಲ.

ಹೊರಡುವ ದಿನ ನೀನು ಬಾಗಿಲಲ್ಲಿ ನಿಂತು, "ರೀ, ಕಂಪ್ರೆಸರ್ ಟ್ಯಾಂಕಿನ ಗಾಳಿ ಬಿಟ್ಟು ತಳದಲ್ಲಿರೋ ನೀರು ತೆಗೀರಿ, ಮರೆತೀರಿ ಜೋಕೆ" ಎಂದಿದ್ದೆ. ನಾನು ಮರೆಯಲಿಲ್ಲ, ಗಾಳಿಯನ್ನು ಬೇಕೆಂದೇ ಬಿಡಲಿಲ್ಲ. ಕೊನೆಯ ಕುರ್ಚಿಗೆ ಬಣ್ಣ ಹೊಡೆಯುವಾಗ ನೀನು ತುಂಬಿಸಿದ ಗಾಳಿ ಅದು. ಬೆಳಗ್ಗೆ ಎದ್ದವನೇ ಗಾಳಿಯ ಒತ್ತಡ ತೋರಿಸುವ ಮುಳ್ಳು ನೋಡುತ್ತಿದ್ದೆ. ದಿನಾ ಒಂದಿಷ್ಟು ಇಳಿಯುತ್ತಿತ್ತು. ಸೋಪಿನ ನೀರು ಹಚ್ಚಿದರೆ ಪೈಪಿನ ಜೋಡಣೆಯಲ್ಲಿ ಗುಳ್ಳೆ ಕಂಡಿತು. ಬಿಗಿ ಮಾಡಿದೆ, ಮುಳ್ಳು ನಿಂತಿತು. ಯುದ್ಧ ಗೆದ್ದವನ ಹಾಗೆ ಮೀಸೆ ತಿರುವಿದೆ.

ಪಕ್ಕದ ಮನೆಯ ಬಡಗಿಯಣ್ಣ ನೋಡಿ ತಲೆ ಚಚ್ಚಿಕೊಂಡ. "ನೀರು ನಿಂತ್ರೆ ತಳಕ್ಕೆ ತುಕ್ಕು ಹಿಡಿಯುತ್ತೆ ಮಾರಾಯ. ಟ್ಯಾಂಕ್ ಸಿಡಿದ್ರೆ ಅವಳಿಗೆ ಏನಂತ ಬರೀತೀಯ?" ಆ ಮಾತಿಗೆ ಹೆದರಿ, ಬಗ್ಗಿ ತಳದ ತಿರುಪು ಸಡಿಲಿಸಿದೆ. ಚಹಾ ಬಣ್ಣದ ನೀರು ಚಿಮ್ಮಿ ಹೊಸ ಪ್ಯಾಂಟ್ ಹಾಳಾಯಿತು. ಆಮೇಲೆ ಬರೀ ಗಾಳಿ, ಬಹಳ ಹೊತ್ತು. ಅದೂ ನಿಂತ ಮೇಲೆ ಮನೆ ಬಿಕೋ ಎಂದಿತು. ಈ ಯಂತ್ರ ಓಡುವಾಗ ಕಿವಿಗೆ ಹತ್ತಿ ತುರುಕಿಕೊಂಡು ಕೂಗಾಡುತ್ತಿದ್ದವನಿಗೆ ಸದ್ದಿಲ್ಲವೆಂದು ಅಳು ಬಂತು ನೋಡು. ನೀನಿಲ್ಲದೆ ಬೇಜಾರು ಕಣೇ, ಮುಚ್ಚಿಡುವುದೇನು.

ಬಡಗಿಯಣ್ಣ ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗೆ ಒಳ್ಳೆಯ ಕೆಲಸ ಸಿಗುತ್ತಲೇ ಇರಲಿ.

ನಿನ್ನ ಗಂಡ

ಮರೆತಿದ್ದೆ: ಕಂಪ್ರೆಸರಿಗೆ ಎಣ್ಣೆ ಬದಲಿಸಿ, ಫಿಲ್ಟರ್ ಕೊಡವಿ, ಸಿದ್ಧವಾಗಿಟ್ಟಿದ್ದೇನೆ. ಲಾರಿ ಬರುವುದು ತಿಂಗಳ ಕೊನೆಗೆ. ಪಕ್ಕದಲ್ಲೇ ನನ್ನ ಹೊಲಿಗೆ ಯಂತ್ರವನ್ನೂ ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ. ಡ್ರೈವರ್ ಪಕ್ಕ ಒಂದು ಸೀಟು ಖಾಲಿ ಇದೆಯಂತೆ. ಬರಲೇ? ಕಿವಿಗೆ ಹತ್ತಿ ತರುವುದಿಲ್ಲ.