ಗಿರಿಜೆಯ ಕುರ್ಚಿ

೧೪ ಆಗಸ್ಟ್ ೧೯೬೨, ಮಂಗಳವಾರ. ಭದ್ರಾವತಿ.

ಮಕ್ಕಳ ವೈದ್ಯದಲ್ಲಿ ಇಡೀ ಮೈಸೂರು ರಾಜ್ಯಕ್ಕೆ ನನ್ನ ಸಮ ಯಾರೂ ಇಲ್ಲ. ಶಿವಮೊಗ್ಗದ ಡಾಕ್ಟರೂ ನನ್ನನ್ನು ಕೇಳಿಯೇ ಚೀಟಿ ಬರೆಯುತ್ತಾರೆ.

ಅದೇ ಡಾಕ್ಟರು ಹೋದ ತಿಂಗಳು, ನನ್ನ ತಮ್ಮನ ಮಗಳು ಗಿರಿಜೆಗೆ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮೆದುಳು ಸರಿಯಾಗಿ ಬೆಳೆದಿಲ್ಲ, ಔಷಧಿಯಿಲ್ಲ ಎಂದರು. ಹತ್ತಿರದ ರಕ್ತದಲ್ಲಿ ಮದುವೆಯಾದರೆ ಅಪರೂಪಕ್ಕೆ ಹೀಗಾಗುತ್ತದಂತೆ. ಅಕ್ಕನ ಮಗಳು ಜಗದಾಂಬೆಯನ್ನು ನನ್ನ ತಮ್ಮನಿಗೆ ತಂದದ್ದು ನಾನೇ, ಹಟ ಹಿಡಿದು.

ಕೂಸಿಗೆ ಎರಡು ವರ್ಷ, ಇನ್ನೂ ಕತ್ತು ನಿಂತಿಲ್ಲ. ಎಲ್ಲರ ಮನೆಯಂತೆ ಕಾಲ ಮೇಲೆ ಮಲಗಿಸಿ ಒಳಲೆಯ ಮೂತಿಯಿಂದ ಬಾಯಿಗೆ ಗಂಜಿ ಹುಯ್ಯುತ್ತಿದ್ದೆವು. ನೆತ್ತಿಗೇರಿ ಮುಖ ನೀಲಿಯಾಗುತ್ತಿತ್ತು. ಕೂರಿಸಿ ಉಣಿಸಿ ಎಂದಿದ್ದಳು ಆಸ್ಪತ್ರೆಯ ನರ್ಸಮ್ಮ. ಕತ್ತು ನಿಲ್ಲದ ಕೂಸನ್ನು ಕೂರಿಸುವುದು ಹೇಗೆ?

ಇವತ್ತು ಪಕ್ಕದ ಸೈಕಲ್ ಶಾಪಿನ ಮೆಹಬೂಬ್ ಸಾಬ್ ಒಂದು ಪುಟ್ಟ ಕುರ್ಚಿ ಮಾಡಿ ತಂದ. ಕತ್ತಿನ ಸುತ್ತ ಆಸರೆಗೆ, ಹತ್ತಿ ತುಂಬಿದ ಸೈಕಲ್ ಟ್ಯೂಬು. ಉಪಾಯ ನನ್ನದೇ ಎಂದು ಬೀದಿಗೆಲ್ಲ ಹೇಳಿದ್ದೇನೆ. ಜಗದಾಂಬೆ ಚಮಚದಲ್ಲಿ ಗಂಜಿ ಕೊಟ್ಟಳು. ಬಟ್ಟಲು ಖಾಲಿಯಾಯಿತು, ಒಂದು ಕೆಮ್ಮೂ ಇಲ್ಲ.

"ನುಂಗಿದ್ಲು ಮಾವ, ನೋಡು, ನಗ್ತಾಳೆ!"

ದುಡ್ಡೆಷ್ಟು ಎಂದು ಕೇಳಿದರೆ ಸಾಬ್, "ಕೂಸು ಉಂಡಿತಲ್ಲ ಮಾರಾಯ್ರೆ, ಸಾಕು ಬಿಡಿ" ಎಂದ.

"ಕತ್ತು ನಿಲ್ಲಿಸೋ ಲೇಹ್ಯ ಅಂತ ಸಂತೇಲಿ ಮೂವತ್ತು ರೂಪಾಯಿ ಸುರಿದು ಬಂದ್ರಲ್ಲ, ಪಂಡಿತರೇ!" ಎಂದಳು ನನ್ನವಳು ವೀರಮ್ಮ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮೂವತ್ತಲ್ಲ. ಆ ಮದುವೆ ಮಾಡಿಸಿದ ತಪ್ಪನ್ನು ಒಂದೇ ಡಬ್ಬಿ ಲೇಹ್ಯದಲ್ಲಿ ತೊಳೆದುಬಿಡುವ ಆಸೆಗೆ ನೂರಾ ಎಂಬತ್ತು ಕೊಟ್ಟು ಬಂದಿದ್ದೆ.