ನನ್ನ ಕೈಯ ಸಕ್ಕರೆ ನೀರು

ಬೂಕನಕೆರೆ
14-6-1998

ಚಿ.ಸೌ. ಅನಿತಳಿಗೆ ಅಕ್ಕ ಪ್ರೇಮ ಬರೆಯುವುದು.

ನಾವಿಬ್ಬರೂ ಚೆನ್ನಾಗಿದ್ದೇವೆ. ಕೆ.ಆರ್.ಎಸ್.ನಲ್ಲಿ ನೀವೆಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ಉತ್ತರ ತಡವಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಸಿಟ್ಟು ಬಂದು ಎದ್ದು ಹೋಗಿದ್ದೇನೆ. ನಿಮ್ಮ ಭಾವ ಡೈರಿಗೆ ಹಾಲು ಹಾಕಿ ಬಂದು, "ಕಾಗ್ದ ಬರೀತಿದ್ದೀಯೋ, ಕಾಗ್ದದ ಜೊತೆ ಜಗಳ ಆಡ್ತಿದ್ದೀಯೋ ಅಮ್ಮಿ" ಅಂತ ನಗುತ್ತಾರೆ. ಕರಿಹಸು ಹೆಣ್ಣುಗರು ಹಾಕಿದೆ. ಕಣ್ಣು ಥೇಟ್ ನಿನ್ನದೇ, ಏನೂ ಗೊತ್ತಿಲ್ಲದವರ ಹಾಗೆ ನೋಡುತ್ತದೆ.

ನೀನು ಮತ್ತೆ ಬಸುರಿ ಅಂತ ಓದಿ ಖುಷಿಯಾಯಿತು. ಸುಳ್ಳಲ್ಲ, ಕಣ್ಣಲ್ಲಿ ನೀರೇ ಬಂತು. ಅವ್ವ ಹೋದಮೇಲೆ ನಿನ್ನ ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು ನಾನು. ಚೈತ್ರ ಹುಟ್ಟಿದ್ದೂ ನನ್ನ ಮನೆಯಲ್ಲೇ. "ಈ ಸಲವೂ ಬಾಣಂತನಕ್ಕೆ ನಿನ್ನ ಹತ್ತಿರವೇ ಬರ್ತೀನಿ" ಅಂತ ಬರೆದಿದ್ದೀಯ. ಅದರ ಕೆಳಗೆ ಇನ್ನೊಂದು ಸಾಲಿದೆ: "ಮೊದಲ ತೊಟ್ಟು ಮಾತ್ರ ನಮ್ಮತ್ತೆ ಬಂದು ಹಾಕುತ್ತಾರಂತೆ, ತಪ್ಪು ತಿಳ್ಕೋಬೇಡ ಅಕ್ಕ." ನಾನು ತಪ್ಪು ತಿಳಿದುಕೊಳ್ಳಲಿಲ್ಲ ಅನಿತ. ಇಷ್ಟು ವರ್ಷ ಆದಮೇಲೆ ಈಗ ಸರಿಯಾಗಿ ತಿಳಿದುಕೊಂಡಿದ್ದೇನೆ, ಅದನ್ನು ಹೇಳಲೆಂದೇ ಈ ಕಾಗದ.

ಚೈತ್ರ ಹುಟ್ಟಿದ ದಿನ ನೆನಪು ಮಾಡಿಕೋ. ಸೂಲಗಿತ್ತಿ ಮಗುವನ್ನು ಒರೆಸಿ ನನ್ನ ಮಡಿಲಿಗೆ ಹಾಕಿದಳು. ಬಾಯಲ್ಲಿ ನೊರೆ. ಸೆರಗಿನಲ್ಲಿ ಒರೆಸಿದೆ, ಮತ್ತೆ ಬಂತು. ಇನ್ನೊಮ್ಮೆ ಒರೆಸಿದೆ, ಆಗಲೂ ಬಂತು. ನೀನು ಮಲಗಿದ್ದಲ್ಲಿಂದಲೇ ನೋಡಿ "ಇದೇನಕ್ಕ, ಸೋಪು ತಿಂದ್ಕಂಡು ಉಟ್ಟೈತಾ" ಅಂತ ನಕ್ಕೆ. ಮೊದಲ ತೊಟ್ಟು ಯಾರು ಹಾಕುತ್ತಾರೋ ಅವರ ಗುಣ ಮಗುವಿಗೆ ಬರುತ್ತದೆ, ಯಾರು ಹಾಕುತ್ತೀರಿ ಅಂತ ಸೂಲಗಿತ್ತಿ ಕೇಳಿದಾಗ "ನೀನೇ ಆಕಕ್ಕ, ನಿನ್ ಗುಣನೇ ಬರ್ಲಿ" ಅಂದವಳೂ ನೀನೇ. ಬೆರಳು ಅದ್ದಿ ಸಕ್ಕರೆ ನೀರು ಹಾಕಿದೆ. ಮಗು ಕೆಮ್ಮಿತು, ಮುಖ ನೀಲಿಯಾಯಿತು.

ಜೀಪಿನಲ್ಲಿ ಕೆ.ಆರ್. ಪೇಟೆಯವರೆಗೂ ಮಗುವನ್ನು ಎದೆಗೆ ಅವುಚಿಕೊಂಡು ಬಂದೆ. ಹೆರಿಗೆ ನೋವಿನ ಸುದ್ದಿ ಕೇಳಿ ಊರಿಂದ ಹೊರಟಿದ್ದ ನಿಮ್ಮತ್ತೆ, ಪೇಟೆಯಲ್ಲೇ ವಿಷಯ ತಿಳಿದು ಆಸ್ಪತ್ರೆ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡು, "ಬಂಜೆ ಕೈಲಿ ತೊಟ್ಟಾಕ್ಸುದ್ರೆ ಇನ್ನೇನಾದಾತು" ಅಂದರು. ನೀವೆಲ್ಲ ಬೆಂಗಳೂರಿಗೆ ಹೋದಿರಿ. ನಾನು ಅದೇ ಮೆಟ್ಟಿಲ ಮೇಲೆ ಕೂತಿದ್ದೆ. ಆಪರೇಷನ್ ಆಗಿ ಮಗು ಉಳಿಯಿತು ಅಂತ ಗೊತ್ತಾದಾಗ ದೇವರಿಗೆ ಕೈಮುಗಿದೆ, ಆದರೆ ನಿಮ್ಮತ್ತೆಯ ಮಾತು ನಿಜ ಅಂತಲೇ ನಂಬಿದೆ. ಊರೂ ನಂಬಿತು. ಹೆರಿಗೆಯಾದ ಮನೆಗೆ ನನ್ನನ್ನು ಯಾರೂ ಕರೆಯಲಿಲ್ಲ, ಕರೆದರೂ ನಾನು ಹೋಗುತ್ತಿರಲಿಲ್ಲ. ಎಳೆ ಮಗು ಕಂಡರೆ ನನಗೇ ಗೊತ್ತಿಲ್ಲದ ಹಾಗೆ ಕೈ ಬೆನ್ನ ಹಿಂದೆ ಹೋಗುತ್ತದೆ. "ನೀನೇನ್ ಎಡ್ಮಾಸ್ಟ್ರಾ, ಯಾವಾಗ್ಲೂ ಕೈ ಇಂದಕ್ಕೆ ಕಟ್ಕಂಡಿರ್ತೀಯಲ್ಲ" ಅಂತ ನಿಮ್ಮ ಭಾವ ರೇಗಿಸುತ್ತಿದ್ದರು. ಯಾಕೆ ಅಂತ ಗೊತ್ತಾದಮೇಲೆ ರೇಗಿಸುವುದನ್ನು ಬಿಟ್ಟರು.

ನಿನ್ನ ಕಾಗದ ಬಂದ ವಾರವೇ ಪಕ್ಕದ ಮನೆ ಹೊನ್ನಪ್ಪನ ಮಗಳಿಗೆ ಪೇಟೆ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಜೊತೆಗೆ ಹೆಂಗಸರು ಯಾರೂ ಇಲ್ಲ ಅಂತ ಹೊನ್ನಪ್ಪ ಬೇಡಿಕೊಂಡಿದ್ದಕ್ಕೆ ಹೋದೆ. ಬಾಗಿಲಾಚೆಯೇ ನಿಂತಿದ್ದೆ. ನರ್ಸು ಮಗುವನ್ನು ಈಚೆ ತಂದಳು. ಬಾಯಲ್ಲಿ ಅದೇ ನೊರೆ ಅನಿತ! ಅದಕ್ಕೆ ಯಾರೂ ಏನೂ ಹಾಕಿರಲಿಲ್ಲ. "ನಾನ್ ಮುಟ್ಟಿಲ್ಲ, ನಾನ್ ಮುಟ್ಟಿಲ್ಲ" ಅಂತ ಹುಚ್ಚಿಯ ಹಾಗೆ ಕೂಗಿಬಿಟ್ಟೆ. ಡಾಕ್ಟರಮ್ಮ ಬಾಯೊಳಗೆ ಸಣ್ಣ ಟ್ಯೂಬು ಇಳಿಸಿದರು, ಅರ್ಧದಲ್ಲೇ ನಿಂತಿತು. ಅನ್ನ ಇಳಿಯುವ ಕೊಳವೆ ನಡುವೆಯೇ ಮುಚ್ಚಿಕೊಂಡಿದೆ, ಕೆಳಗಿನ ತುಂಡು ಉಸಿರಿನ ಕೊಳವೆಗೆ ಸೇರಿಕೊಂಡಿರಬಹುದು, ಸಾವಿರಾರು ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ, ಈಗಲೇ ಬೆಂಗಳೂರಿಗೆ ಹೊರಡಿ ಅಂದರು.

ನಾನು ಅವರ ಹಿಂದೆಯೇ ಓಡಿದೆ. "ಯಾರಾರ ಬಾಯಿಗೆ ಸಕ್ಕರೆ ನೀರಾಕುದ್ರೆ ಇಂಗಾಯ್ತದಾ ಡಾಕ್ಟ್ರಮ್ಮ?"

"ಇಲ್ಲಮ್ಮ. ಇದು ಹೊಟ್ಟೆಯೊಳಗೆ, ಮೊದಲ ತಿಂಗಳುಗಳಲ್ಲೇ ಆಗಿರುತ್ತೆ. ಯಾರ ಕೈಯಿಂದಲೂ ಬರೋದಲ್ಲ. ತಾಯಿ ತಪ್ಪೂ ಅಲ್ಲ. ಹೀಗೆ ನೊರೆ ಬರೋ ಮಗೂಗೆ ಏನೂ ಕುಡಿಸಬಾರದು, ಅಷ್ಟೆ."

ಅಲ್ಲಿಂದ ಮನೆಗೆ ಬರಲಿಲ್ಲ. ಸೀದಾ ನಿಮ್ಮ ಹೋಟೆಲಿಗೆ ಬಂದೆ, ನಿನಗೆ ಗೊತ್ತಿಲ್ಲ. ನಿನ್ನ ಗಂಡ ಕನಕರಾಜು ಒಬ್ಬನೇ ಇದ್ದ. ಚೈತ್ರಳಿಗೆ ಏನಾಗಿತ್ತು ಅಂತ ಕೇಳಿದ ತಕ್ಷಣ ಬೋಂಡ ಬೇಯಿಸುತ್ತಿದ್ದ ಒಲೆ ಆರಿಸಿಬಿಟ್ಟ. "ಆಪರೇಸನ್‌ಗೆ ಮುಂಚೇನೇ ಡಾಕ್ಟ್ರು ಚಿತ್ರ ಬರ್ದು ತೋರ್ಸಿದ್ರು ಅಕ್ಕ. ಅನಿತನೂ ಇದ್ಲು. 'ಒಟ್ಟೇಲೇ ಅಂಗಾಗಿತ್ತು ಅಂದ್ರೆ ನಿಮ್ಮವ್ವ ನನ್ನ ಮನೆಗೆ ಸೇರ್ಸಾಕಿಲ್ಲ, ಅಕ್ಕುನ್ ಕೈಯಿಂದ ಆಯ್ತು ಅಂತ್ಲೇ ಇರ್ಲಿ ಬುಡಿ' ಅಂದ್ಲು. ಅವ್ವ ನಂಗೆ ಬ್ಯಾರೆ ಎಣ್ಣು ನೋಡ್ತೀನಿ ಅಂತಿತ್ತು. ನಾನೂ ಬಾಯ್ ಮುಚ್ಕಂಡೆ" ಅಂದ. ಕಾಫಿ ಕೊಟ್ಟ. ಕುಡಿಯದೆ ಬಸ್ಸು ಹತ್ತಿದೆ.

ನೀನು ಹೆದರಿದ್ದೆ, ಚಿಕ್ಕವಳು, ಹಸಿಬಾಣಂತಿ. ಆಗ ನನ್ನನ್ನು ಒಂದು ಮಾತು ಕೇಳಿದ್ದರೆ ಆ ಹೊರೆಯನ್ನು ನಾನೇ ಹೊರುತ್ತಿದ್ದೆ ಕಣೇ. "ಅಕ್ಕ, ನನ್ನ ಸಂಸಾರ ಉಳೀಬೇಕು, ಸ್ವಲ್ಪ ದಿನ ಈ ಮಾತು ನಿನ್ನ ಮೇಲಿರಲಿ" ಅಂದಿದ್ದರೆ ಸಾಕಿತ್ತು. ಕೇಳದೆಯೇ ನನ್ನ ತಲೆಗೆ ಕಟ್ಟಿದೆ. ಸಾಕಿ ಬೆಳೆಸಿದ ಕೈಯನ್ನೇ ಊರಿನವರ ಬಾಯಿಗೆ ಕೊಟ್ಟೆ. ಇದಕ್ಕೆ ದ್ರೋಹ ಅನ್ನದೆ ಬೇರೆ ಏನನ್ನಲಿ?

ಈಗ ಕೇಳು. ಹೆರಿಗೆ ದೊಡ್ಡಾಸ್ಪತ್ರೆಯಲ್ಲೇ ಆಗಬೇಕು, ಮೈಸೂರಿಗೆ ನಾವೇ ಕರೆದುಕೊಂಡು ಹೋಗುತ್ತೇವೆ. ಮೊದಲ ತೊಟ್ಟು ನಿಮ್ಮತ್ತೆಯದೂ ಬೇಡ, ನನ್ನದೂ ಬೇಡ. ಡಾಕ್ಟರು ನೋಡಿ ಸರಿ ಅಂದಮೇಲೆ ನಿನ್ನ ಎದೆಹಾಲು ಸಾಕು. ಬಾಣಂತಿ ಕೋಣೆಗೆ ನಿಮ್ಮ ಭಾವ ಸುಣ್ಣ ಹೊಡೆದಿದ್ದಾರೆ. ಆದರೆ ಬರುವ ಮೊದಲು ನಿಮ್ಮತ್ತೆಗೆ ನೀನೇ ನಿಜ ಹೇಳಬೇಕು, ನಿನ್ನ ಬಾಯಿಂದಲೇ. ಹೇಳದೆ ಬಂದರೂ ಬಾಗಿಲು ತೆಗೆಯುತ್ತೇನೆ, ಬಿಸಿನೀರು ಹಾಕುತ್ತೇನೆ, ಪಥ್ಯದ ಅಡುಗೆ ಮಾಡುತ್ತೇನೆ. ಮಗುವನ್ನು ಮಾತ್ರ ಎತ್ತಿಕೊಳ್ಳುವುದಿಲ್ಲ.

ಹೊನ್ನಪ್ಪನ ಮೊಮ್ಮಗ ಆಪರೇಷನ್ ಆಗಿ ಚೆನ್ನಾಗಿದ್ದಾನೆ. ಚೈತ್ರಳಿಗೆ ನನ್ನ ಮುತ್ತು, ಅನ್ನ ಚೆನ್ನಾಗಿ ಅಗಿದು ನುಂಗು ಅಂತ ಹೇಳು. ನಿನಗೂ ಹೊಟ್ಟೆಯಲ್ಲಿರುವ ಕೂಸಿಗೂ ಒಳ್ಳೆಯದಾಗಲಿ. ಸಿಟ್ಟಿನಲ್ಲಿದ್ದರೂ ಇದು ಮನಸ್ಸಿನಿಂದಲೇ ಬಂದ ಮಾತು.

ಇಂತಿ ನಿನ್ನ ಅಕ್ಕ,
ಪ್ರೇಮ

ತಾ.ಕ.: ಕಾಗದ ಅಂಟಿಸಲು ಹೋದವಳು ಮತ್ತೆ ಕೂತೆ. ಹೋದ ಯುಗಾದಿಗೆ ನಿಮ್ಮ ಮನೆಗೆ ಬಂದಿದ್ದೆನಲ್ಲ. ಚೈತ್ರಳಿಗೆ ಒಬ್ಬಟ್ಟು ಗಂಟಲಿಗೆ ಸಿಕ್ಕಿ, ಖಾಲಿ ಡಬ್ಬ ಬಡಿದ ಹಾಗೆ ಕೆಮ್ಮು ಬಂತು. ನಾನು ಲೋಟದಲ್ಲಿ ನೀರು ಹಿಡಿದೆ. ನೀನು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಮೋರಿಗೆ ಚೆಲ್ಲಿ, ಲೋಟ ತೊಳೆದು, ಅದೇ ಬಿಂದಿಗೆಯ ನೀರು ಬಗ್ಗಿಸಿ ನಿನ್ನ ಕೈಯಾರೆ ಕುಡಿಸಿದೆ. ಆಗ ನಿಮ್ಮತ್ತೆ ದೇವಸ್ಥಾನಕ್ಕೆ ಹೋಗಿದ್ದರು, ಕನಕರಾಜು ಹೋಟೆಲಿನಲ್ಲಿದ್ದ. ಅಡುಗೆಮನೆಯಲ್ಲಿದ್ದದ್ದು ನಾನು, ನೀನು, ಮಗು. ನಿಜ ಏನು ಅಂತ ನಿನಗೆ ಗೊತ್ತಿತ್ತು. ಆ ನೀರು ಚೆಲ್ಲಿದ್ದು ಯಾರಿಗೆ ತೋರಿಸುವುದಕ್ಕೆ ಅನಿತ?