ಅಟ್ಟದಿಂದ ಇಳಿದ ಹೆರೆಮಣೆ

ಅತ್ತೆ,

ನೀವು ಹೂ ಕೊಯ್ಯಲು ಹೋಗಿದ್ದೀರಿ, ನನಗೆ ಕಡಬದ ಬಸ್ಸಿಗೆ ಹೊತ್ತಾಯಿತು.

ಹುರುಳಿ ಸಾರು ಒಲೆಯ ಮೇಲೆ ಉಂಟು. ಒಂದೆಲಗ ತೊಳೆದಿಟ್ಟಿದ್ದೇನೆ, ತಂಬುಳಿಗೆ ಕಾಯಿ ಹೆರೆದರೆ ಆಯಿತು. ಉಂಡ ಕೂಡಲೇ ಮಲಗಬೇಡಿ, ಅಂಗಳದಲ್ಲಿ ನಾಲ್ಕು ಸುತ್ತು ನಡೆಯಿರಿ. ಕುರ್ಚಿಯಲ್ಲಿ ಕೂತು ಕಾಲು ನೀಡಿ ಮಡಚುವುದು ಡಾಕ್ಟ್ರು ಹೇಳಿದಷ್ಟು ಸಲ ಆಗಬೇಕು. ಟಿವಿ ನೋಡುತ್ತಾ ಮಾಡಿದರೂ ಸಾಕು.

ನೆಲದಲ್ಲಿ ಕೂತು ಮಂಡಿ ಮಡಚಬಾರದು ಅಂತ ಡಾಕ್ಟ್ರು ಅಂದದ್ದಕ್ಕೇ ನಾನು ಕಾಯಿ ತುರಿಯುವ ಹೆರೆಮಣೆಯನ್ನು ಅಟ್ಟಕ್ಕೆ ಹಾಕಿದ್ದು. ನಿನ್ನೆ ನೀವು ಅದೇ ಮಂಡಿ ಹಿಡಿದುಕೊಂಡು ಏಣಿ ಹತ್ತಿ ಅದನ್ನು ಇಳಿಸಿದ್ದೀರಿ. ಎಂತ ಹೇಳುದು ಅತ್ತೆ, ಜಗಳ ಮಾಡಲಿಕ್ಕೂ ನನಗೆ ಶಕ್ತಿ ಇಲ್ಲ.

ಇನ್ನು ಅಡಗಿಸುವುದಿಲ್ಲ. ಜಗಲಿಯ ಬೆಂಚಿನ ಮೇಲೆ ಇಟ್ಟು ಹಗ್ಗದಲ್ಲಿ ಬಿಗಿದಿದ್ದೇನೆ. ಎರಡೂ ಬದಿಗೆ ಕಾಲು ಇಳಿಬಿಟ್ಟು ಕೂತು ಹೆರೆಯಿರಿ. ನಾಚಿಕೆಯಾದರೆ ಜಗಲಿಯ ಬಾಗಿಲು ಹಾಕಿಕೊಳ್ಳಿ.

ಬೆಳಿಗ್ಗೆ ನಾನು ಅರ್ಧ ಕಾಯಿ ಹೆರೆದು ನೋಡಿದೆ. ಏಳುವಾಗ ಗೋಡೆ ಹಿಡಿಯಬೇಕಾಗಲಿಲ್ಲ. ನಾನೂ ಗೋಡೆ ಹಿಡಿದು ಏಳುವುದು ನಿಮ್ಮ ಮಗನಿಗೆ ಗೊತ್ತಿಲ್ಲ, ಹೇಳಬೇಡಿ.

ಈಶ್ವರಿ